ಪವಾಯಿಯ ಮರಕ್ಕೆ ಅಂಟಿಸಿದ ನೋಟಿಸು

ಪವಾಯಿ ಎಂದರೆ ಈಗಿನವರಿಗೆ ಐಐಟಿ, ಹೀರಾನಂದಾನಿಯ ಗೋಪುರಗಳು, ಕೆರೆಯ ಮೊಸಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಜನ ಈ ಹೆಸರನ್ನು ಮಾವಿನ ಜೊತೆ ಸೇರಿಸಿ ಹೇಳುತ್ತಿದ್ದಿರಬೇಕು. ಫ್ರಾಮ್‌ಜಿ ಕಾವಸ್‌ಜಿ ಬನಾಜಿ ಎಂಬ ಪಾರ್ಸಿ ಸಾಹುಕಾರರ ತೋಟ ಇಲ್ಲಿತ್ತು. ಕಬ್ಬು, ರೇಷ್ಮೆಗೆಂದು ಹಿಪ್ಪುನೇರಳೆ, ಅದರ ಜೊತೆಗೆ ಮಾವು. 1838ರಲ್ಲಿ ಅವರು ವಿಕ್ಟೋರಿಯಾ ರಾಣಿಗೆ ಮಾವಿನ ಹಣ್ಣು ಕಳಿಸಿದ ಕತೆ ಇಂದಿಗೂ ಪ್ರಸಿದ್ಧ. ಹಣ್ಣು ಯಾವ ಸ್ಥಿತಿಯಲ್ಲಿ ಲಂಡನ್ ಮುಟ್ಟಿತೋ!

1890ರ ಸುಮಾರಿಗೆ ನಗರದ ನೀರಿನ ದಾಹಕ್ಕೆಂದು ಕೆರೆ ಕಟ್ಟಿದರು. ನೀರು ಕುಡಿಯಲು ಬಾರದೆ ಹೋಯಿತು. ಒಂದು ಲೆಕ್ಕದಲ್ಲಿ ಅದೇ ಪವಾಯಿಯ ಪುಣ್ಯ. ಕುಡಿಯುವ ನೀರಿನ ಕೆರೆಯಾಗಿದ್ದರೆ ಬೇಲಿ ಬೀಳುತ್ತಿತ್ತು, ದಡದಲ್ಲಿ ಊರು ಬೆಳೆಯುತ್ತಿರಲಿಲ್ಲ, ನಾವೂ ಬರುತ್ತಿರಲಿಲ್ಲ. 1958ರಲ್ಲಿ ಐಐಟಿ ಆರಂಭವಾಯಿತು, ಲಾರ್ಸನ್ ಆ್ಯಂಡ್ ಟೂಬ್ರೊ ಕಾರ್ಖಾನೆ ಬೆಳೆಯಿತು. ಕಚೇರಿ, ಕ್ಯಾಂಟೀನು, ಕಾರ್ಖಾನೆಗಳಿಗೆ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ನಮ್ಮವರು ಬಂದರು. ಬಂದವರು ಸಂಘ ಕಟ್ಟಿದರು, ನಾಟಕ ಆಡಿದರು, ಯಕ್ಷಗಾನ ಆಡಿಸಿದರು, ಗಣಪತಿ ಕೂರಿಸಿದರು. ಇದೆಲ್ಲ ನಮ್ಮ ಕನ್ನಡ ಸಂಘದ ಈ ಸಂಚಿಕೆಯ ಬೇರೆ ಪುಟಗಳಲ್ಲಿದೆ. ನಾನು ಬರೆಯಹೊರಟಿರುವುದು ಆ ಸಮಾರಂಭಗಳ ಫೋಟೊಗಳಲ್ಲಿ ನಮ್ಮ ಹಿಂದೆ ನಿಂತಿರುವ ಮರಗಳ ಬಗ್ಗೆ.

ಸಂಘ-ಸಂಸ್ಥೆಗಳಿಗೆ ಮರ ಎಂದರೆ ವನಮಹೋತ್ಸವ. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಶಿ ಆರಂಭಿಸಿದ ಹಬ್ಬ ಅದು. ಮುನ್ಶಿ ಇದೇ ಮುಂಬಯಿಯ ವಕೀಲರು. ಜುಲೈಯಲ್ಲಿ ಗುಂಡಿ ತೋಡುತ್ತಾರೆ, ಅತಿಥಿಗಳು ಸಸಿ ಹಿಡಿಯುತ್ತಾರೆ, ಶಾಲು, ಭಾವಚಿತ್ರ, ಉಪಾಹಾರ. ಏಪ್ರಿಲ್‌ನಲ್ಲಿ ಆ ಸಸಿಗೆ ನೀರು ಯಾರು ಹಾಕುತ್ತಾರೆ? ಸಾಲುಮರದ ತಿಮ್ಮಕ್ಕನವರ ಹೆಸರನ್ನು ಇಂಥ ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಹುಲಿಕಲ್–ಕುದೂರು ದಾರಿಯಲ್ಲಿ ಅವರೂ ಅವರ ಗಂಡನೂ ಆಲದ ಸಸಿ ನೆಟ್ಟದ್ದಕ್ಕಿಂತ ಕೊಡದಲ್ಲಿ ನೀರು ಹೊತ್ತದ್ದು, ದನ ಬಾರದಂತೆ ಮುಳ್ಳು ಕಟ್ಟಿದ್ದು ದೊಡ್ಡದು. ಆ ಭಾಗವನ್ನು ಭಾಷಣದಲ್ಲಿ ನಾವು ಬೇಗ ದಾಟಿಬಿಡುತ್ತೇವೆ.

ಪವಾಯಿಯಲ್ಲಿ ಹೊಸ ಸಸಿಗಿಂತ ಹಳೆಯ ಮರದ ಪಾಡು ಹೆಚ್ಚು ಕಷ್ಟದ್ದು. 2018ರ ಗಣತಿಯ ಪ್ರಕಾರ ಮುಂಬಯಿಯಲ್ಲಿ ಸುಮಾರು 29.75 ಲಕ್ಷ ಮರಗಳಿವೆ. ಅವುಗಳಲ್ಲಿ ನಮ್ಮ ಬೀದಿಯ ಒಂದು ಮಳೆಮರವನ್ನು ಹತ್ತಿರ ನಿಂತು ನೋಡಿ. ಕಾಂಡದ ಬುಡಕ್ಕೆ ಒತ್ತಿಕೊಂಡೇ ಕಾಂಕ್ರೀಟು, ಅಂಗೈಯಗಲದ ಮಣ್ಣೂ ಕಾಣುವುದಿಲ್ಲ. ಕೋಚಿಂಗ್ ಕ್ಲಾಸಿನ ಜಾಹೀರಾತಿಗೆ ಹೊಡೆದ ಮೊಳೆಗಳು ತುಕ್ಕು ಹಿಡಿದು ತೊಗಟೆಯೊಳಗೆ ಮುಳುಗಿವೆ. ದೀಪಾವಳಿಗೆ ಸುತ್ತಿದ ಸೀರಿಯಲ್ ಲೈಟಿನ ತಂತಿ ಕೊಂಬೆ ದಪ್ಪವಾದಂತೆ ಒಳಗೆ ಕೊರೆದಿದೆ. ಕೇಬಲ್ಲಿಗೆಂದು ಒಂದು ಬದಿಯ ಬೇರು ಕಡಿದಿದ್ದಾರೆ, ಕಟ್ಟಡದ ಕಿಟಕಿಗೆಂದು ಅದೇ ಬದಿಯ ಟೊಂಗೆಯನ್ನೂ ಸವರಿದ್ದಾರೆ. ಇಂಥ ಮರ ಜೂನ್ ತಿಂಗಳ ಗಾಳಿಗೆ ರಿಕ್ಷಾದ ಮೇಲೆ ಬಿದ್ದರೆ ಪತ್ರಿಕೆಗಳಲ್ಲಿ ಅಪರಾಧಿ ಮಳೆ! ನಮ್ಮ ಭಕ್ತಿಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅಶ್ವತ್ಥಕ್ಕೆ ಕಟ್ಟೆ ಕಟ್ಟಿ, ಕಾಂಡದವರೆಗೆ ಟೈಲ್ಸ್ ಹಾಸಿ, ಪ್ರದಕ್ಷಿಣೆ ಬರುತ್ತೇವೆ. ಊರಿನ ನಾಗಬನದಲ್ಲಿ ಒಣಗಿದ ಎಲೆ ಗುಡಿಸಲೂ ಹಿಂದೆಮುಂದೆ ನೋಡುವ ಜನ ನಾವು!

ಹಳೆಯ ಮರ ಉಳಿಸುವ ಕೆಲಸದಲ್ಲಿ ಸಾಮಾನ್ಯ ಜನಕ್ಕೆ ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ. ಮಹಾರಾಷ್ಟ್ರದ ನಗರ ಪ್ರದೇಶಗಳ ಮರಗಳ ಸಂರಕ್ಷಣೆಗೆ 1975ರಲ್ಲಿ ಕಾಯ್ದೆ ಬಂತು. ಅದರಡಿ ಮಹಾನಗರ ಪಾಲಿಕೆಗೊಂದು ವೃಕ್ಷ ಪ್ರಾಧಿಕಾರವಿದೆ. ಸೊಸೈಟಿಯ ಆವರಣದ ಮರವಾದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಅನುಮತಿಗೆ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಮರದ ಮೇಲೂ ನೋಟಿಸು ಅಂಟಿಸಬೇಕು, ಜನರ ಆಕ್ಷೇಪಣೆ ಕೇಳಬೇಕು. 2021ರ ತಿದ್ದುಪಡಿ 50 ವರ್ಷ ದಾಟಿದ ಮರಕ್ಕೆ ಪಾರಂಪರಿಕ ಮರವೆಂಬ ಮನ್ನಣೆ ಕೊಟ್ಟಿದೆ. ಕಡಿದ ಮರದ ವಯಸ್ಸೆಷ್ಟೋ ಅಷ್ಟು ಸಸಿ ನೆಡಬೇಕೆಂದೂ ಹೇಳಿದೆ. 60 ವರ್ಷದ ಮರಕ್ಕೆ 60 ಸಸಿ. ಲೆಕ್ಕವೇನೋ ಸರಿ, ನೆರಳಿಗೆ ಮಾತ್ರ ಮೊಮ್ಮಕ್ಕಳ ಕಾಲದವರೆಗೆ ಕಾಯಬೇಕು.

ಆ ನೋಟಿಸಿನ ಬೆಲೆ ನಮಗೆ ತಿಳಿದದ್ದು ಪಕ್ಕದ ಆರೆ ಕಾಡಿನಲ್ಲಿ. ಮೆಟ್ರೊ-3ರ ಕಾರ್ ಶೆಡ್ಡಿಗಾಗಿ 2,185 ಮರ ಕಡಿಯಲು, 461ನ್ನು ಬೇರೆಡೆಗೆ ಸಾಗಿಸಲು ವೃಕ್ಷ ಪ್ರಾಧಿಕಾರ ಒಪ್ಪಿತ್ತು. ಸಾವಿರಾರು ಜನ ಆಕ್ಷೇಪಣೆ ಬರೆದರು, ಭಾನುವಾರಗಳಂದು ಮಾನವ ಸರಪಳಿ ಕಟ್ಟಿದರು. ಕಾಲೇಜು ಮಕ್ಕಳ ಜೊತೆ ಅಲ್ಲಿನ ಪಾಡಾಗಳ, ಅಂದರೆ ಹಾಡಿಗಳ, ವಾರ್ಲಿ ಆದಿವಾಸಿಗಳೂ ನಿಂತರು. 2019ರ ಅಕ್ಟೋಬರ್ 4ರಂದು ಮರ ಕಡಿಯುವುದರ ವಿರುದ್ಧದ ಅರ್ಜಿಗಳನ್ನು ಹೈಕೋರ್ಟ್ ವಜಾ ಮಾಡಿತು. ಅದೇ ರಾತ್ರಿ ಗರಗಸಗಳು ಬಂದವು. ತಡೆಯಲು ಹೋದವರಲ್ಲಿ 29 ಮಂದಿಯ ಬಂಧನವಾಯಿತು. ಕಾನೂನು ವಿದ್ಯಾರ್ಥಿಗಳು ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಸುಪ್ರೀಂ ಕೋರ್ಟ್ 7ರಂದು ತಡೆ ಕೊಟ್ಟಿತು. ಅಷ್ಟರಲ್ಲಿ 2,141 ಮರಗಳು ಉರುಳಿದ್ದವು. ಮುಂದೆ ಆರೆಯ 800ಕ್ಕೂ ಹೆಚ್ಚು ಎಕರೆಯನ್ನು ಮೀಸಲು ಅರಣ್ಯವೆಂದು ಘೋಷಿಸಿದ್ದು ಈ ಗದ್ದಲದ ಫಲವೇ. ಕಾರ್ ಶೆಡ್ ಮಾತ್ರ ಕಾಂಜೂರಿಗೆ ಹೋಗಿ ಮತ್ತೆ ಆರೆಗೇ ಬಂತು.

ಪವಾಯಿಯ ಸ್ವಂತ ಕತೆ ಇದಕ್ಕಿಂತ ಸಣ್ಣದು, ಮುಕ್ತಾಯ ಮಾತ್ರ ಸಮಾಧಾನದ್ದು. 2021ರಲ್ಲಿ ಪಾಲಿಕೆ ಕೆರೆಯ ಸುತ್ತ ಸೈಕಲ್ ದಾರಿ ಮಾಡಹೊರಟಿತು. ತಂತಿಯ ಬುಟ್ಟಿಗಳಿಗೆ ಕಲ್ಲು ತುಂಬಿ ದಡದಲ್ಲಿ ಇಳಿಸತೊಡಗಿದರು. ಅದು ಮೊಸಳೆಗಳು ಬಿಸಿಲು ಕಾಯುವ, ಮೊಟ್ಟೆಯಿಡುವ ದಡ. ಸೈಕಲ್ ದಾರಿಗೆ ಯಾರಾದರೂ ಅಡ್ಡಿ ಮಾಡುತ್ತಾರೆಯೇ ಎಂದು ನಮ್ಮಲ್ಲಿ ಹಲವರು ಕೇಳಿದ್ದುಂಟು. ಐಐಟಿಯ ಸಂಶೋಧಕರೂ ವನಶಕ್ತಿ ಸಂಸ್ಥೆಯೂ ಹೈಕೋರ್ಟಿಗೆ ಹೋದರು. 2022ರ ಮೇ 6ರಂದು ನ್ಯಾಯಾಲಯ ಆ ಕಾಮಗಾರಿಯನ್ನು ಕಾನೂನುಬಾಹಿರವೆಂದು ಸಾರಿ, ಹಾಕಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿತು.

ಈ ಎರಡೂ ಹೋರಾಟಗಳಲ್ಲಿ ಕನ್ನಡಿಗರು ವ್ಯಕ್ತಿಗಳಾಗಿ ಇದ್ದಿರಬಹುದು, ಸಂಘವಾಗಿ ನಾವು ಕಾಣಿಸಿಕೊಳ್ಳಲಿಲ್ಲ. ನಮಗೆ ಹೋರಾಟ ಹೊಸದೆಂದಲ್ಲ. ಊರಿನ ಕಡಲು, ಗದ್ದೆ, ಗಾಳಿಯ ಪ್ರಶ್ನೆ ಬಂದಾಗ ಜಯಶ್ರೀಕೃಷ್ಣ ಪರಿಸರ ಪ್ರೇಮಿ ಸಮಿತಿಯಂಥ ಸಂಸ್ಥೆಯನ್ನು ಮುಂಬಯಿಯಲ್ಲಿ ಕುಳಿತೇ ಕಟ್ಟಿದವರು ನಮ್ಮವರು. 1983ರಲ್ಲಿ ಶಿರಸಿಯ ಸಾಲ್ಕಣಿಯವರು ಮರ ಅಪ್ಪಿಕೊಂಡದ್ದನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಮೂರು ತಲೆಮಾರು ಬಾಳಿದ ಮೇಲೂ ಪವಾಯಿ ನಮಗೆ ದುಡಿಮೆಯ ಜಾಗ, ಊರು ಬೇರೆ ಕಡೆ. ಆ ಲೆಕ್ಕ ಇನ್ನು ನಡೆಯದು. ನಮ್ಮ ಮಕ್ಕಳಿಗೆ ಊರೆಂದರೆ ಇದೇ.

ಮುಂದಿನ ಕಾರ್ಯಕಾರಿ ಸಮಿತಿಗೆ ನನ್ನದೊಂದು ಕೋರಿಕೆ. ಮುಂದಿನ ವರ್ಷ ಹೊಸ ಸಸಿ ಬೇಡ. ಅದೇ ಹಣದಲ್ಲಿ ನಾವಿರುವ ಸೊಸೈಟಿಗಳ ಮರಗಳ ಪಟ್ಟಿ ಮಾಡಿಸೋಣ, ಬುಡದ ಕಾಂಕ್ರೀಟು ಬಿಡಿಸಲು ಪಾಲಿಕೆಯ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಡೋಣ. ನೋಟಿಸು ಓದುವುದಕ್ಕೆಂದೇ ಇಬ್ಬರು ಸದಸ್ಯರನ್ನು ನೇಮಿಸೋಣ. ಮೊಳೆ ಕೀಳಲು ಮಕ್ಕಳ ವಿಭಾಗ ಸಾಕು, ಜೊತೆಗೊಬ್ಬ ಹಿರಿಯರಿರಲಿ. ಪವಾಯಿಯ ಹೆಚ್ಚಿನ ಭಾಗ ಪಾಲಿಕೆಯ ‘ಎಸ್’ ವಾರ್ಡಿಗೆ ಸೇರಿದೆ, ಅರ್ಜಿ ಕೊಡಬೇಕಾದ ಕಚೇರಿ ಭಾಂಡುಪಿನಲ್ಲಿದೆ.