ಜ್ವರ ಬಿಟ್ಟ ಮೇಲಿನ ಕಾಯಿಲೆ

1955ರ ಜುಲೈನಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಬಾಗಿಲು ಹಾಕಬೇಕಾಯಿತು. ವೈದ್ಯರು, ನರ್ಸುಗಳು, ಕಚೇರಿಯವರು ಸೇರಿ 292 ಸಿಬ್ಬಂದಿ ಕಾಯಿಲೆ ಬಿದ್ದರು. ಗಂಟಲುನೋವು, ತಲೆನೋವು, ತಲೆಸುತ್ತು, ಕೈಕಾಲಿನಲ್ಲಿ ಶಕ್ತಿಯೇ ಇಲ್ಲ. ಅದೇ ವಾರ್ಡುಗಳಲ್ಲಿ ಮಲಗಿದ್ದ ರೋಗಿಗಳಲ್ಲಿ ಮಾತ್ರ ಇದು ತಗುಲಿದ್ದು ಬರೀ 12 ಜನರಿಗೆ. ಅಕ್ಟೋಬರಿನಲ್ಲಿ ಆಸ್ಪತ್ರೆ ತೆರೆಯಿತು, ಆದರೆ ಕೆಲವರು ವರ್ಷಗಳಾದರೂ ಸುಧಾರಿಸಿಕೊಳ್ಳಲಿಲ್ಲ. ಯಾವ ರೋಗಾಣು ಎಂಬುದು ಪತ್ತೆಯಾಗಲೇ ಇಲ್ಲ. ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕೀಯವೊಂದು ಸೂಚಿಸಿದ ‘ಮಯಾಲ್ಜಿಕ್ ಎನ್‌ಸೆಫಲೋಮೈಲೈಟಿಸ್’ ಎಂಬ ಹೆಸರು ‘ಎಂಇ’ ಎಂದು ಬಳಕೆಗೆ ಬಂತು.

1970ರಲ್ಲಿ ಮೆಕೆವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ಹಳೆಯ ಕೇಸ್ ಶೀಟುಗಳನ್ನು ತಿರುವಿಹಾಕಿ, ಇದು ಸಾಮೂಹಿಕ ಉನ್ಮಾದ ಎಂದು ಬರೆದರು. ನರಳಿದವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ಮುಖ್ಯ ಆಧಾರಗಳಲ್ಲೊಂದು. ಅವರು ಒಬ್ಬ ರೋಗಿಯನ್ನೂ ಕಂಡು ಮಾತಾಡಿಸಿರಲಿಲ್ಲ. ಅದೇ ಆಸ್ಪತ್ರೆಯಲ್ಲಿದ್ದ ಸೋಂಕುರೋಗ ತಜ್ಞ ಮೆಲ್ವಿನ್ ರಾಮ್ಸೆ ಇದು ದೇಹದ ಕಾಯಿಲೆಯೇ ಎಂದು ಕೊನೆಯವರೆಗೂ ವಾದಿಸಿದರು. ಕೇಳಿಸಿಕೊಂಡವರು ಕಡಿಮೆ. 1980ರ ದಶಕದಲ್ಲಿ ಅಮೆರಿಕದ ಲೇಕ್ ತಾಹೋ ಬಳಿ ಇಂಥದ್ದೇ ಕಾಯಿಲೆ ಕಾಣಿಸಿಕೊಂಡಾಗ ಪತ್ರಿಕೆಗಳು ‘ಯಪ್ಪಿ ಫ್ಲೂ’, ಅಂದರೆ ನಗರದ ಸ್ಥಿತಿವಂತ ಯುವ ನೌಕರರ ಜ್ವರ, ಎಂದು ಆಡಿಕೊಂಡವು.

‘ರಿಪೋರ್ಟೆಲ್ಲ ನಾರ್ಮಲ್ ಇದೆ, ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತು ನಮ್ಮ ಕ್ಲಿನಿಕ್ಕುಗಳಲ್ಲೂ ಕೇಳಿಸುತ್ತದೆ. ಮನೆಯಲ್ಲಿ ಅದೇ ಮಾತು ‘ಸೋಮಾರಿತನ’ ಎಂದಾಗುತ್ತದೆ. ಆದರೆ 2006ರಲ್ಲಿ ಕರ್ನಾಟಕದಲ್ಲಿ ಬೇರೆಯದೇ ಆಯಿತು. ಆ ವರ್ಷ ರಾಜ್ಯದಲ್ಲಿ 7.5 ಲಕ್ಷದಷ್ಟು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ದಾಖಲಾದವು. ಜ್ವರ ವಾರದೊಳಗೆ ಇಳಿದರೂ ಕೀಲುನೋವು ಎಷ್ಟೋ ಜನರನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಬೆಳಗಿನ ಹೊತ್ತು ಬೆರಳು ಮಡಚಲಾಗದೆ ರೊಟ್ಟಿ ತಟ್ಟುವುದು ನಿಂತಿತು, ಕೂತವರು ಗೋಡೆ ಹಿಡಿದು ಏಳಬೇಕಾಯಿತು. ಇವರನ್ನು ಯಾರೂ ಸುಳ್ಳರೆನ್ನಲಿಲ್ಲ. ಮಣಿಕಟ್ಟಿನ ಬಾವು ಕಣ್ಣಿಗೆ ಕಾಣುತ್ತಿತ್ತು, ಓಣಿಗೆ ಓಣಿಯೇ ಕುಂಟುತ್ತಿತ್ತು. ನೋವು ಕಣ್ಣಿಗೆ ಬೀಳದಿದ್ದಾಗ, ನರಳುವವರು ಒಬ್ಬೊಬ್ಬರೇ ಆದಾಗ ಅನುಮಾನ ಹೆಡೆಯೆತ್ತುತ್ತದೆ ಎಂದು ನನಗನ್ನಿಸುತ್ತದೆ.

ಅದೇ 2006ರಲ್ಲಿ ಆಸ್ಟ್ರೇಲಿಯಾದ ಡಬ್ಬೊ ಪಟ್ಟಣದ ಅಧ್ಯಯನ ಪ್ರಕಟವಾಯಿತು. ಎಪ್‌ಸ್ಟೀನ್-ಬಾರ್ ವೈರಸ್, ರಾಸ್ ರಿವರ್ ವೈರಸ್ ಮತ್ತು ಕ್ಯೂ ಜ್ವರದ ಬ್ಯಾಕ್ಟೀರಿಯಾ ತಗುಲಿದ 253 ಜನರನ್ನು ಸಂಶೋಧಕರು ಕಾಯಿಲೆಯ ಆರಂಭದಿಂದಲೇ ಗಮನಿಸುತ್ತ ಬಂದಿದ್ದರು. ಆರು ತಿಂಗಳಾದಾಗಲೂ ಶೇಕಡಾ 12ರಷ್ಟು ಜನರಲ್ಲಿ, ಎಂಇಗೆ ಈಗಿರುವ ಇನ್ನೊಂದು ಹೆಸರಾದ ‘ದೀರ್ಘಕಾಲದ ದಣಿವಿನ ಕಾಯಿಲೆ’ಯ ಲಕ್ಷಣಗಳಿದ್ದವು. ಯಾರಲ್ಲಿ ಉಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ತಿಳಿಸಿದ್ದು ಮೊದಲ ಜ್ವರದ ತೀವ್ರತೆ, ರೋಗಿಯ ಮನಸ್ಸಿನ ಸ್ವಭಾವವಲ್ಲ. ಬಂದುಹೋದ ರೋಗಾಣುಗಳು ಮೂರು ಬಗೆಯವು, ಉಳಿದ ಕಾಯಿಲೆ ಒಂದೇ ಬಗೆಯದು. ಈ ಕ್ಷೇತ್ರದ ದೊಡ್ಡ ತಿರುವು ಇದೇ ಎಂಬುದು ನನ್ನ ಅಭಿಪ್ರಾಯ.

ಆದರೂ ಚಿಕಿತ್ಸೆ ಹಳೆಯ ಜಾಡು ಬಿಡಲಿಲ್ಲ. 2011ರಲ್ಲಿ ಬ್ರಿಟನ್ನಿನ ‘ಪೇಸ್’ ಪ್ರಯೋಗ, ಈ ಕಾಯಿಲೆಯ 641 ರೋಗಿಗಳನ್ನು ಆಧರಿಸಿ, ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವುದರಿಂದ ಮತ್ತು ಆಲೋಚನೆ ಬದಲಿಸುವ ಆಪ್ತಸಲಹೆಯಿಂದ ಗುಣ ಕಾಣುತ್ತದೆ ಎಂದಿತು. ವ್ಯಾಯಾಮದಿಂದ ತಮಗೆ ಹೆಚ್ಚಾಯಿತೆಂದು ಗೋಳಿಡುತ್ತಿದ್ದ ರೋಗಿಗಳು ಆ ವರದಿಯನ್ನು ಸಾಲುಸಾಲಾಗಿ ಓದಿದರು. ದೈಹಿಕ ಸಾಮರ್ಥ್ಯದ ಅಳತೆಯಲ್ಲಿ 65 ಅಥವಾ ಅದಕ್ಕಿಂತ ಕಡಿಮೆ ಅಂಕ ಇದ್ದವರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳಲಾಗಿತ್ತು. ಮುಂದಿನ ವಿಶ್ಲೇಷಣೆಯಲ್ಲಿ, ಅದೇ ಅಳತೆಯಲ್ಲಿ ‘ಗುಣವಾದರು’ ಎನ್ನಲು 60 ಅಂಕ ಸಾಕಿತ್ತು! 65ರಿಂದ 60ಕ್ಕೆ ಇಳಿದವರೂ ಆ ಷರತ್ತನ್ನು ದಾಟಿದಂತಾಯಿತು. ಒಬ್ಬ ರೋಗಿ ಮಾಹಿತಿ ಹಕ್ಕಿನಡಿ ಹಿಡಿದ ಪಟ್ಟಿನಿಂದಾಗಿ, 2016ರಲ್ಲಿ ನ್ಯಾಯಮಂಡಳಿ ಮೂಲ ಅಂಕಿಅಂಶ ಬಿಡುಗಡೆಗೆ ಆದೇಶಿಸಿತು. 2021ರಲ್ಲಿ, ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಆ ವ್ಯಾಯಾಮ ಚಿಕಿತ್ಸೆಯ ಶಿಫಾರಸನ್ನು ಕೈಬಿಟ್ಟಿತು.

ಅಷ್ಟರಲ್ಲಿ ಕೋವಿಡ್ ಬಂದಿತ್ತು. ಆ ಸೋಂಕು ಇಳಿದ ಮೇಲೂ ಉಳಿಯುವ ಕಾಯಿಲೆಗೆ ‘ಲಾಂಗ್ ಕೋವಿಡ್’ ಎಂಬ ಹೆಸರು ವೈದ್ಯರಿಂದ ಬಂದದ್ದಲ್ಲ. 2020ರ ಮೇ ತಿಂಗಳಲ್ಲಿ ಅದನ್ನು ಬಳಕೆಗೆ ತಂದವರು, ಸ್ವತಃ ನರಳುತ್ತಿದ್ದ ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೆಗೊ. ರೋಗಿಗಳೇ ನಡೆಸಿದ ಸಮೀಕ್ಷೆಗೆ 56 ದೇಶಗಳ 3,762 ಮಂದಿ ಉತ್ತರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಕೊಟ್ಟ ವ್ಯಾಖ್ಯೆ ಸಡಿಲವಾಗಿದೆ, ರಕ್ತಪರೀಕ್ಷೆಯಲ್ಲಿ ಹಿಡಿಯುವ ಗುರುತಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ಅಳತೆಯನ್ನು ಪ್ರಶ್ನಿಸುವುದು ವಿಜ್ಞಾನದ ಕೆಲಸ. ಅದೇ ನೆಪದಲ್ಲಿ ಎದುರು ಕೂತವರ ಮಾತನ್ನೇ ಸುಳ್ಳೆನ್ನುವುದು ಅನ್ಯಾಯ.

2024ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 25 ಲಾಂಗ್ ಕೋವಿಡ್ ರೋಗಿಗಳನ್ನೂ 21 ಆರೋಗ್ಯವಂತರನ್ನೂ ಸೈಕಲ್ ತುಳಿಸಿ, ಅದಕ್ಕೆ ಮುಂಚೆ ಮತ್ತು ನಂತರ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. ರೋಗಿಗಳ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾದ ಕೆಲಸ ಕುಗ್ಗಿತ್ತು, ಶ್ರಮದ ನಂತರ ಸ್ನಾಯುವಿಗೆ ಹೆಚ್ಚಿನ ಹಾನಿಯಾಗಿತ್ತು. ‘ಸ್ವಲ್ಪ ಓಡಾಡಿದರೆ ಮರುದಿನ ಏಳೋಕಾಗಲ್ಲ’ ಎಂದು ರೋಗಿಗಳು ದಶಕಗಳಿಂದ ಹೇಳುತ್ತಿದ್ದುದಕ್ಕೆ ಸೂಕ್ಷ್ಮದರ್ಶಕದಡಿ ಸಾಕ್ಷಿ ಸಿಕ್ಕಿತು. ವೈರಸ್ಸಿನ ಚೂರುಗಳು ಮೈಯಲ್ಲೇ ಉಳಿಯುತ್ತವೆಯೇ, ರೋಗನಿರೋಧಕ ವ್ಯವಸ್ಥೆ ದಿಕ್ಕು ತಪ್ಪುತ್ತದೆಯೇ ಎಂಬ ಹುಡುಕಾಟ ನಡೆದೇ ಇದೆ.

ಸದ್ಯಕ್ಕೆ ಇರುವ ಮುಖ್ಯ ಸಲಹೆ, ಶಕ್ತಿ ತೀರುವ ಮುನ್ನವೇ ಕೆಲಸ ನಿಲ್ಲಿಸಿ ಎಂಬುದು. ದಿನಗೂಲಿಯವರು ಇದನ್ನು ಪಾಲಿಸುವುದಾದರೂ ಹೇಗೆ? ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಪಾರ್ಕಿನ್ಸನ್ ಕಾಯಿಲೆಗೆ ಅದರಲ್ಲಿ ಜಾಗವಿದೆ. ಎಂಇ ಮತ್ತು ಲಾಂಗ್ ಕೋವಿಡ್‌ನ ಹೆಸರು ಅಲ್ಲಿಲ್ಲ.