ಮಿದುಳಿನ ನಾಲೆಗಳು

ನೀವು ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಕಡೆಯವರಾದರೆ ನಾಲೆಯ ಸಂಗತಿ ನಿಮಗೆ ಹೊಸದಲ್ಲ. ಗದ್ದೆ ಒಣಗಿದೆ ಎಂದರೆ ಸಾಲದು. ಕಟ್ಟೆಯಲ್ಲಿ ನೀರಿಲ್ಲವೋ, ನಾಲೆಯಲ್ಲಿ ಹೂಳು ತುಂಬಿದೆಯೋ, ಮೇಲಿನ ತೂಬಿನಲ್ಲೇ ನೀರೆಲ್ಲ ಹರಿದುಹೋಯಿತೋ ನೋಡಬೇಕು. ಖಿನ್ನತೆಯ ವಿಷಯದಲ್ಲಿ ವೈದ್ಯಶಾಸ್ತ್ರ ಈ ಪ್ರಶ್ನೆಗೆ ಬಂದುದು ಬಹಳ ತಡವಾಗಿ.

19ನೇ ಶತಮಾನದ ನಡುಭಾಗದಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆಯೊಂದು ಆರಂಭವಾಯಿತು. ಆಗಿನ ವೈದ್ಯರಿಗೆ ತೀವ್ರ ದುಗುಡವೆಲ್ಲ 'ಮೆಲಾಂಕೋಲಿಯಾ'. ಈ ಗ್ರೀಕ್ ಪದದ ಅರ್ಥ ಕಪ್ಪು ಪಿತ್ತ. 1925ರಲ್ಲಿ ಅದು 'ಮಾನಸಿಕ ಆಸ್ಪತ್ರೆ' ಎನಿಸಿತು. ಬರಿಯ ಹೆಸರು ತಾನೇ ಎನ್ನಬೇಡಿ. ಹುಚ್ಚನೆನಿಸಿಕೊಂಡವನು ಅಂದಿನಿಂದ ರೋಗಿಯಾದ. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು.

ಅಷ್ಟರಲ್ಲಿ ವೈದ್ಯರು ಖಿನ್ನತೆಯನ್ನು ಎರಡಾಗಿ ಒಡೆದಿದ್ದರು: ಕಷ್ಟನಷ್ಟಕ್ಕೆ ಪ್ರತಿಯಾಗಿ ಬರುವುದು, ಒಳಗಿನಿಂದಲೇ ಏಳುವುದು. ನಿಮ್ಹಾನ್ಸ್‌ನ ಗಂಗಾಧರ್, ಕಪೂರ್ ಮತ್ತು ಕಲ್ಯಾಣಸುಂದರಂ 1982ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎರಡನೆಯ ಬಗೆಯದೇ; ವಿದ್ಯುತ್ ಚಿಕಿತ್ಸೆಯನ್ನೂ ಇಮಿಪ್ರಮಿನ್ ಮಾತ್ರೆಯನ್ನೂ ಅವರು ಹೋಲಿಸಿ ನೋಡಿದರು.

ಆದರೆ ಒಳಗೆ ಎಂದರೆ ಎಲ್ಲಿ? ಮಿದುಳಿನ ಬೇರೆ ಬೇರೆ ಭಾಗಗಳು ಜಾಲಗಳಾಗಿ ಕೂಡಿ ದುಡಿಯುತ್ತವೆ. ಸುಮ್ಮನೆ ಕುಳಿತು ನಮ್ಮ ಬಗ್ಗೆಯೇ ಯೋಚಿಸುವಾಗ ಚುರುಕಾಗುವ ಜಾಲವನ್ನು 2001ರಲ್ಲಿ ಅಮೆರಿಕದ ಮಾರ್ಕಸ್ ರೇಕಲ್ ತಂಡ ವಿವರಿಸಿತು. ಯಾವುದು ಮುಖ್ಯ, ಯಾವುದಕ್ಕೆ ಗಮನ ಕೊಡಬೇಕು ಎಂದು ಆರಿಸುವುದು ಇನ್ನೊಂದು. ಈ ಎರಡನೆಯ ಜಾಲ ಖಿನ್ನತೆಯುಳ್ಳ ಬಹಳ ಮಂದಿಯಲ್ಲಿ ಸುಮಾರು ಇಮ್ಮಡಿ ಜಾಗ ಹರಡಿಕೊಂಡಿರುವುದು 2024ರಲ್ಲಿ ಕಂಡುಬಂತು. ಮನಸ್ಸು ತಿಳಿಯಾದಾಗಲೂ ಅದು ಕುಗ್ಗಲಿಲ್ಲ. ಮುಂದೆ ಖಿನ್ನತೆಗೆ ಒಳಗಾದ ಮಕ್ಕಳಲ್ಲಿ ಅದಕ್ಕೂ ಮುಂಚೆಯೇ ಹರಡಿತ್ತು! ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಖಿನ್ನತೆ ಅಥವಾ ಆತಂಕವಿದ್ದ 801 ಮಂದಿಯ ಮಿದುಳು ಚಿತ್ರಗಳಿಂದ ಆರು ಬಗೆಗಳನ್ನು ಗುರುತಿಸಿದರು. ಒಂದು ಬಗೆಯವರಿಗೆ ವೆನ್ಲಾಫ್ಯಾಕ್ಸಿನ್ ಮಾತ್ರೆ ಹೆಚ್ಚು ಹಿಡಿಯಿತು, ಇನ್ನೊಂದು ಬಗೆಯವರಿಗೆ ಮಾತಿನ ಚಿಕಿತ್ಸೆ. ಈ ವಿಂಗಡಣೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ದಿನನಿತ್ಯದ ಚಿಕಿತ್ಸೆಗೆ ಇಳಿದಿಲ್ಲ.

2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಾಡನ್ನೇ ಕಲಕಿದವು. ಸಾಲವಾಗಲಿ ಬಾರದ ಕಬ್ಬಿನ ಹಣವಾಗಲಿ ಯಾವ ಯಂತ್ರದ ಚಿತ್ರದಲ್ಲೂ ಮೂಡುವುದಿಲ್ಲ. ಮಿದುಳಿನ ಜಾಲವನ್ನು ತೋರಿಸಿ ಹೊರಗಿನ ಕಾರಣವನ್ನು ಮುಚ್ಚಿಹಾಕುವ ವಿಜ್ಞಾನ ನಮಗೆ ಬೇಡ. ಹಾಗೆಂದು 'ಅವನಿಗೆ ಧೈರ್ಯ ಸಾಲದು' ಎಂಬ ಅರಳಿಕಟ್ಟೆಯ ತೀರ್ಪೂ ನಿಲ್ಲದು. ಒಂದೇ ಭಾರ ಎಲ್ಲ ಮಿದುಳುಗಳ ಮೇಲೂ ಒಂದೇ ತೆರನಾಗಿ ಬೀಳುವುದಿಲ್ಲ.

ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಯಾರಾದರೂ ವಾರಗಟ್ಟಲೆ ಊಟ, ನಿದ್ರೆ, ಮಾತು ಬಿಟ್ಟಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು.