ಮಕ್ಕಳ ಕೈಗೆಟುಕಿದ ಕಪಾಟು

ಮಗುವಿಗೊಂದು ಕೋಣೆ, ಅದರಲ್ಲಿ ಆಟಿಕೆಗಳಿಗೊಂದು ಕಪಾಟು, ಬಟ್ಟೆಗಳಿಗೊಂದು ಡ್ರಾಯರು. ನಗರಗಳಲ್ಲಿ ಮನೆ ಕಟ್ಟಿಸುವವರು ಇಂದು ನಕ್ಷೆಯಲ್ಲೇ ಇವಕ್ಕೆ ಜಾಗ ಬಿಡುವುದುಂಟು. ನಮ್ಮ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಇಂಥ ಏರ್ಪಾಡು ಇರಲಿಲ್ಲ. ಮಕ್ಕಳು ಹಿರಿಯರ ನಡುವೆಯೇ ಚಾಪೆ ಹಾಸಿ ಮಲಗುತ್ತಿದ್ದರು. ಬುಗುರಿ, ಗೋಲಿ, ಕವಡೆಗಳು ಗೋಡೆಯ ಗೂಡಿನಲ್ಲೋ ಟ್ರಂಕಿನ ಮೂಲೆಯಲ್ಲೋ ಇರುತ್ತಿದ್ದವು. ದಸರೆಯ ಗೊಂಬೆಗಳಂತೂ ವರ್ಷವಿಡೀ ಪೆಟ್ಟಿಗೆ ಸೇರಿ, ಹಬ್ಬಕ್ಕೆ ಮಾತ್ರ ಹೊರಬರುತ್ತಿದ್ದವು; ಅದೂ ನೋಡುವುದಕ್ಕೆ, ಆಡುವುದಕ್ಕಲ್ಲ.

ಯೂರೋಪಿನಲ್ಲೂ ಮಕ್ಕಳಿಗೆಂದೇ ಪ್ರತ್ಯೇಕ ಕೋಣೆ ಬಹುಕಾಲ ಸಿರಿವಂತರ ಸೌಲಭ್ಯವಾಗಿತ್ತು. ಆದರೆ ಮಕ್ಕಳ ಅಳತೆಗೆ ತಕ್ಕ ಪೀಠೋಪಕರಣದ ಇತಿಹಾಸದಲ್ಲಿ ಒಂದು ದೊಡ್ಡ ತಿರುವು ಬಂದದ್ದು ಸಿರಿವಂತರ ಮನೆಯಲ್ಲಲ್ಲ, ರೋಮ್ ನಗರದ ಬಡ ಕಾರ್ಮಿಕರ ಕೇರಿಯಲ್ಲಿ.

ಸ್ಯಾನ್ ಲೊರೆಂಜೊ ಎಂಬ ಆ ಬಡಾವಣೆಯ ವಠಾರಗಳಲ್ಲಿ ತಂದೆತಾಯಿಯರು ದುಡಿಯಲು ಹೋದ ಮೇಲೆ ಮಕ್ಕಳನ್ನು ನೋಡಿಕೊಳ್ಳುವವರಿರಲಿಲ್ಲ. ಅವರು ಗೋಡೆ, ಮೆಟ್ಟಿಲುಗಳನ್ನು ಕೆಡಿಸುತ್ತಾರೆಂಬ ಕಾರಣಕ್ಕೆ ಕಟ್ಟಡಗಳ ಉಸ್ತುವಾರಿ ಹೊತ್ತವರು ಅವರನ್ನು ಒಂದೆಡೆ ಕೂಡಿಸಲು ಕೋಣೆಯೊಂದನ್ನು ಬಿಟ್ಟುಕೊಟ್ಟರು. 1907ರ ಜನವರಿ 6ರಂದು ವೈದ್ಯೆ ಮರಿಯಾ ಮಾಂಟೆಸ್ಸರಿ ಅಲ್ಲಿ ‘ಮಕ್ಕಳ ಮನೆ’ಯನ್ನು ಆರಂಭಿಸಿದರು. ಸೇರಿದವರು ಸುಮಾರು 50 ಮಕ್ಕಳು.

ಮೊದಮೊದಲು ಕಲಿಕೆಯ ಸಾಮಗ್ರಿಗಳು ಬೀಗ ಹಾಕಿದ ಕಪಾಟಿನಲ್ಲಿದ್ದವು. ಶಿಕ್ಷಕಿ ತೆಗೆದು ಹಂಚುತ್ತಿದ್ದರು, ಹೊತ್ತಾದಾಗ ತಾವೇ ಎತ್ತಿಡುತ್ತಿದ್ದರು. ಹಾಗೆ ಎತ್ತಿಡುವಾಗ ಮಕ್ಕಳು ಎದ್ದು ಅವರ ಹಿಂದೆಯೇ ಬರುತ್ತಿದ್ದರು. ಕಳುಹಿಸಿದರೂ ಮತ್ತೆ ಬರುತ್ತಿದ್ದರು. ಶಿಕ್ಷಕಿಗೆ ಅದು ಅವಿಧೇಯತೆಯಾಗಿ ಕಂಡಿತು. ಗಮನಿಸಿ ನೋಡಿದ ಮಾಂಟೆಸ್ಸರಿಗೆ ಕಂಡದ್ದೇ ಬೇರೆ: ವಸ್ತುಗಳನ್ನು ಅವುಗಳ ಜಾಗದಲ್ಲಿ ತಾವೇ ಇಡಬೇಕೆಂಬುದು ಮಕ್ಕಳ ಬಯಕೆಯಾಗಿತ್ತು.

ಇನ್ನೊಂದು ದಿನ ಶಿಕ್ಷಕಿ ಕಪಾಟಿಗೆ ಬೀಗ ಹಾಕಲು ಮರೆತಿದ್ದರು. ತಡವಾಗಿ ಬಂದು ನೋಡಿದರೆ ಮಕ್ಕಳು ಬಾಗಿಲು ತೆರೆದು ಬೇಕಾದ್ದನ್ನು ತೆಗೆದುಕೊಳ್ಳುತ್ತಿದ್ದರು. ಇದು ಕಳ್ಳತನದ ಚಾಳಿ, ಶಿಕ್ಷಿಸಬೇಕು ಎಂದು ಶಿಕ್ಷಕಿ ಭಾವಿಸಿದರು. ಮಕ್ಕಳಿಗೆ ಈಗ ಪ್ರತಿ ವಸ್ತುವಿನ ಪರಿಚಯವಿದೆ, ಆದ್ದರಿಂದ ಆಯ್ಕೆ ಮಾಡಬಲ್ಲರು ಎಂದು ಮಾಂಟೆಸ್ಸರಿ ಅರ್ಥಮಾಡಿಕೊಂಡರು. ಬೀಗದ ಕಪಾಟಿನ ಬದಲು ಮಕ್ಕಳ ಕೈಗೆಟುಕುವ ಗಿಡ್ಡ ಕಪಾಟುಗಳು ಬಂದವು. ಮಕ್ಕಳೇ ಎತ್ತಿ ಸರಿಸಬಹುದಾದ ಹಗುರ ಕುರ್ಚಿ, ಮೇಜುಗಳು ಬಂದವು. ಪ್ರತಿ ಮಗುವಿಗೂ ಹೆಸರಿನ ಚೀಟಿ ಅಂಟಿಸಿದ ಪುಟ್ಟ ಡ್ರಾಯರು ಇರಬೇಕೆಂದು 1914ರಲ್ಲಿ ಪ್ರಕಟವಾದ ಕೈಪಿಡಿಯಲ್ಲಿ ಮಾಂಟೆಸ್ಸರಿ ವಿವರಿಸಿದರು. ಹಿರಿಯರು ಮಕ್ಕಳ ಮೇಲೆ ಹೇರುತ್ತಿದ್ದ ಅಚ್ಚುಕಟ್ಟು ಹೀಗೆ ಮಕ್ಕಳದೇ ಕೆಲಸವಾಯಿತು.

ಶಾಲೆಯಲ್ಲಿ ಆದ ಈ ಬದಲಾವಣೆಗೆ ಮನೆಯಲ್ಲೊಂದು ಜೋಡಿ ಸಿಕ್ಕಿದ್ದು ಜರ್ಮನಿಯಲ್ಲಿ. 1923ರಲ್ಲಿ ವೈಮಾರ್ ನಗರದ ಬೌಹೌಸ್ ಕಲಾಶಾಲೆ ತನ್ನ ಪ್ರದರ್ಶನಕ್ಕಾಗಿ ಮಾದರಿ ಮನೆಯೊಂದನ್ನು ಕಟ್ಟಿತು. ಅದರ ಮಕ್ಕಳ ಕೋಣೆಗೆ ಪೀಠೋಪಕರಣ ರೂಪಿಸಿದವರಲ್ಲಿ ಪ್ರಮುಖಳು 24ರ ಆಸುಪಾಸಿನ ವಿದ್ಯಾರ್ಥಿನಿ ಆಲ್ಮಾ ಬುಷರ್. ಹೆಣ್ಣುಮಕ್ಕಳನ್ನು ಹೆಚ್ಚಾಗಿ ನೇಯ್ಗೆ ವಿಭಾಗಕ್ಕೇ ಕಳುಹಿಸುತ್ತಿದ್ದ ಆ ಶಾಲೆಯಲ್ಲಿ ಆಕೆ ಮರಗೆಲಸದ ವಿಭಾಗಕ್ಕೆ ಬಂದಿದ್ದಳು. ಅವಳ ಆಟದ ಕಪಾಟಿನಲ್ಲಿದ್ದ ಬಣ್ಣದ ಮರದ ಪೆಟ್ಟಿಗೆಗಳಲ್ಲಿ ಆಟಿಕೆ ತುಂಬಿಡಬಹುದಿತ್ತು. ಹೊರಗೆಳೆದರೆ ಅವೇ ಮೇಜು, ಪೀಠ, ಗಾಡಿಯಾಗುತ್ತಿದ್ದವು. ಕಿಂಡಿ ಕೊರೆದ ಬಾಗಿಲನ್ನು ತೆರೆದು ನಿಲ್ಲಿಸಿದರೆ ಬೊಂಬೆಯಾಟದ ರಂಗವೂ ಸಿದ್ಧ! ಇಲ್ಲಿ ಕಪಾಟು ಆಟಿಕೆಗಳನ್ನು ಬಚ್ಚಿಡುವ ಜಾಗವಾಗಿರದೆ ತಾನೇ ಆಟಿಕೆಯಾಗಿತ್ತು. ಆಲ್ಮಾ 1944ರಲ್ಲಿ ವಿಮಾನ ದಾಳಿಯೊಂದಕ್ಕೆ ಬಲಿಯಾದಳು. ಆ ಮಾದರಿ ಮನೆ ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಮಾಂಟೆಸ್ಸರಿಯ ವಿಚಾರಗಳು ಭಾರತದಲ್ಲಿ ಬೇರುಬಿಡಲೂ ಯುದ್ಧವೇ ಒಂದು ಕಾರಣವಾಯಿತು. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡ್ಯಾರಿಗೆ ಬಂದ ಅವರು, ಇಟಲಿ ಶತ್ರುರಾಷ್ಟ್ರವಾದ್ದರಿಂದ 1946ರವರೆಗೂ ಇಲ್ಲೇ ಉಳಿಯಬೇಕಾಯಿತು. ಅಡ್ಯಾರ್, ಕೊಡೈಕೆನಾಲ್‌ಗಳಲ್ಲಿದ್ದು ಅನೇಕ ಶಿಕ್ಷಕರಿಗೆ ತರಬೇತಿ ನೀಡಿದರು. ಇಂದು ಕರ್ನಾಟಕದ ಊರುಗಳಲ್ಲಿ ‘ಮಾಂಟೆಸರಿ’ ಎಂದರೆ ಶಿಶುವಿಹಾರ ಎಂಬಷ್ಟು ಆ ಹೆಸರು ಬಳಕೆಯಲ್ಲಿದೆ.

ಹೆಸರು ಬಂದಷ್ಟು ಸುಲಭವಾಗಿ ಕಪಾಟಿನ ಹಿಂದಿನ ವಿಚಾರ ಮನೆಗಳಿಗೆ ಬಂದಿಲ್ಲ. ಅಂಗಡಿಯಿಂದ ತಂದ ಬಣ್ಣಬಣ್ಣದ ಕಪಾಟು ಮಗುವಿಗೆ ಎಟುಕದಷ್ಟು ಎತ್ತರವಿದ್ದರೆ, ಅಥವಾ ಎಲ್ಲವನ್ನೂ ಒಂದೇ ದೊಡ್ಡ ಡಬ್ಬಿಗೆ ಸುರಿದಿಟ್ಟರೆ, ಬೇಕಾದ್ದನ್ನು ಹುಡುಕಿ ಕೊಡುವ, ಚೆಲ್ಲಿದ್ದನ್ನು ಎತ್ತಿಡುವ ಕೆಲಸ ಮತ್ತೆ ತಾಯಿಯ ಪಾಲಿಗೇ ಬರುತ್ತದೆ. ಸ್ಯಾನ್ ಲೊರೆಂಜೊದ ಪಾಠಕ್ಕೆ ಪ್ರತ್ಯೇಕ ಕೋಣೆಯೂ ಬೇಡ, ಹೆಚ್ಚಿನ ಹಣವೂ ಬೇಡ. ಗೋಡೆಯ ಕೆಳಗಿನ ಒಂದು ಗೂಡು, ಅದರಲ್ಲಿ ನಾಲ್ಕಾರು ವಸ್ತು, ಒಂದೊಂದಕ್ಕೂ ಗೊತ್ತಾದ ಜಾಗ ಇದ್ದರೆ ಸಾಕು. ತೆಗೆದದ್ದನ್ನು ಮಗು ತಾನೇ ಅಲ್ಲಿಡಬಲ್ಲದು.